ಕಾಗುಣಿತದ ಕುಳ್ಳ

ಹುಡುಗಿ ತನ್ನನ್ನು ಏನಾದರೂ ಕೇಳಬಹುದೆಂಬ ಆಸೆಯನ್ನು ತಿದ್ದಮ್ಮ ಹೆಚ್ಚುಕಡಿಮೆ ಕೈಬಿಟ್ಟಿದ್ದಳು. ಹಾಗಾಗಿ ಆ ಸೋಮವಾರ ಸಂಜೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಶನಿವಾರ ಮಧ್ಯಾಹ್ನ ನಿಮಗೆ ಬಿಡುವಿದೆಯಾ ಎಂದು ಕೇಳಿದಾಗ, ತಿದ್ದಮ್ಮ ಒದ್ದೆ ಕೈಯನ್ನೂ ಒರೆಸಿಕೊಳ್ಳದೆ ಇದೆ ಎಂದುಬಿಟ್ಟಳು. ಬಿಡುವು ಖಂಡಿತ ಇರಲಿಲ್ಲ. ಶನಿವಾರವೆಂದರೆ ಮುದ್ರಣಾಲಯದಲ್ಲಿ ತಲೆ ಎತ್ತಲಾಗದಷ್ಟು ಕೆಲಸ. ಆದರೆ ಹುಡುಗಿ ಬಾಯಿಬಿಟ್ಟು ಕೇಳಿದ್ದೇ ಹೆಚ್ಚು, ಬಿಡುವನ್ನು ಆಮೇಲೆ ಎಲ್ಲಿಂದಾದರೂ ಹುಟ್ಟಿಸಿಕೊಂಡರಾಯಿತು.

ತಿದ್ದಮ್ಮ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಮುದ್ರಣಾಲಯದಲ್ಲಿ ಅವಳದು ಕರಡು ತಿದ್ದುವ ಕೆಲಸ, ಅಂದರೆ ಅಚ್ಚಿಗೆ ಹೋಗುವ ಮೊದಲು ಪುಟಗಳನ್ನು ಓದಿ ತಪ್ಪು ಹುಡುಕುವುದು. ಅಕ್ಷರ ಜೋಡಿಸುವ ಹುಡುಗಿಯರು ಅವಳ ಬೆನ್ನಹಿಂದೆ ಇಟ್ಟ ಹೆಸರು ಮೆಲ್ಲಗೆ ಮುಂದಕ್ಕೂ ಬಂದು ಕೂತಿತ್ತು. ಮಕ್ಕಳ ಕಥೆಪುಸ್ತಕದಲ್ಲಿ 'ಕಾಡಿನಲ್ಲಿ ಒಂದು ಮುದಿ ನಾರಿ ಇತ್ತು' ಎಂದಿದ್ದದ್ದನ್ನು ನರಿ ಮಾಡಿದವಳು ಅವಳೇ. ಹಲ್ಲಿನ ಆಸ್ಪತ್ರೆಯ ಜಾಹೀರಾತು ಹಲ್ಲಿಯ ಆಸ್ಪತ್ರೆಯಾಗಿ ಮನೆಮನೆಗೆ ಹಂಚಿಹೋಗುವುದನ್ನು ಕೊನೆ ಗಳಿಗೆಯಲ್ಲಿ ತಡೆದವಳೂ ಅವಳೇ. ತಪ್ಪೊಂದು ಉಳಿದುಹೋದರೆ ಎಲ್ಲರಿಗೂ ಅವಳ ನೆನಪಾಗುತ್ತದೆ, ಎಲ್ಲ ಸರಿಯಿದ್ದರೆ ಅಂಥವಳೊಬ್ಬಳು ಇದ್ದಾಳೆಂದೇ ಯಾರಿಗೂ ಗೊತ್ತಿರುವುದಿಲ್ಲ. ಅದು ಆ ಕೆಲಸದ ಹಣೆಬರಹ.

ನಲವತ್ತು ದಾಟಿದ ಮೇಲೆ ಅವಳು ಮದುವೆಯಾದದ್ದು ಲಿಫ್ಟ್ ರಿಪೇರಿ ಮಾಡುವವನನ್ನು. ಮುದ್ರಣಾಲಯದ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಾಗ ಅವಳನ್ನೂ ಅವಳ ಕರಡಿನ ಕಟ್ಟನ್ನೂ ಹೊರಗೆಳೆದವನು ಅವನೇ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿದ್ದ ಆತನಿಗೆ ಒಬ್ಬ ಮಗಳಿದ್ದಳು. ಈಗ ಅವಳಿಗೆ ಹದಿನಾರು. ಆ ಹುಡುಗಿಯನ್ನು ಕೆಟ್ಟವಳು ಎನ್ನುವ ಹಾಗಿರಲಿಲ್ಲ. ಎದುರು ಮಾತಿಲ್ಲ, ಬಾಗಿಲು ಬಡಿಯುವುದಿಲ್ಲ, ತಿಂದ ತಟ್ಟೆ ತಾನೇ ತೊಳೆದಿಡುತ್ತಾಳೆ. ಬಾಡಿಗೆಗೆ ಬಂದವರು ಮನೆಯೊಡತಿಯ ಜೊತೆ ಇರುವಷ್ಟು ಮರ್ಯಾದೆಯಿಂದ ಇದ್ದಳು. ಕರುಳು ಸುಡುತ್ತಿದ್ದದ್ದು ಆ ಮರ್ಯಾದೆಯೇ.

ಈಗ ಅದಕ್ಕೂ ಕುತ್ತು ಬಂದಿತ್ತು. ಹುಡುಗಿಯ ದೊಡ್ಡಮ್ಮ, ತೀರಿಹೋದ ತಾಯಿಯ ಅಕ್ಕ, ಇನ್ನೊಂದು ಊರಲ್ಲಿ ಇದ್ದಳು. ಅಲ್ಲಿಗೇ ಬಂದು ಇರು, ಅಲ್ಲೇ ಓದು ಎಂದು ಹುಡುಗಿಯನ್ನು ಕರೆದಿದ್ದಳು. ಶನಿವಾರ ಸಂಜೆ ತಾನೇ ಬರುವುದಾಗಿಯೂ, ಹ್ಞೂಂ ಅಂದರೆ ಮಾರನೇ ದಿನವೇ ಕರೆದೊಯ್ಯುವುದಾಗಿಯೂ ಹೇಳಿದ್ದಳು. ಹುಡುಗಿ ಹ್ಞೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವಳಪ್ಪನನ್ನು ಕೇಳಿದರೆ ಅವನದು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಡುವ ಮಾತು: ಅವಳಿಗೆ ಹೇಗೆ ಸರಿಯೋ ಹಾಗೆ, ನಾನ್ಯಾಕೆ ಬೇಡ ಅನ್ನಲಿ, ಹಾಗಂತ ಹೋಗು ಅಂತಲೂ ಹೇಗೆ ಅನ್ನಲಿ.

ತಿದ್ದಮ್ಮನಿಗೆ ಮಾತ್ರ ಸಂಶಯವಿರಲಿಲ್ಲ. ಹುಡುಗಿ ಹೋಗಬಾರದು. ಮಲತಾಯಿ ಓಡಿಸಿದಳು ಎಂದು ಜನ ಆಡಿಕೊಳ್ಳುತ್ತಾರೆಂಬ ಹೆದರಿಕೆ ಇತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಅದು ಎರಡನೆಯದು. ಪ್ರತಿ ಶನಿವಾರ ಹುಡುಗಿಯ ಕೋಣೆಯಲ್ಲಿ ಗೆಳತಿಯರು, ಗೆಳೆಯ ಸೇರಿ ಏನೋ ಆಟ ಆಡುತ್ತಿದ್ದರು. ಮುಚ್ಚಿದ ಬಾಗಿಲ ಹಿಂದಿನಿಂದ ಅವಳು ರಾಕ್ಷಸನ ದನಿಯಲ್ಲಿ ಗುಡುಗುವುದು, ಮುದುಕಿಯ ದನಿಯಲ್ಲಿ ಗೊಣಗುವುದು, ಆಮೇಲೆ ಎಲ್ಲರೂ ಬಿದ್ದುಬಿದ್ದು ನಗುವುದು ಕೇಳಿಸುತ್ತಿತ್ತು. ಒಗೆದ ಬಟ್ಟೆ ಮಡಚುವ ನೆಪದಲ್ಲಿ ತಿದ್ದಮ್ಮ ಆ ಬಾಗಿಲ ಹೊರಗೆ ಕೂತಿರುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದ್ದೂ ಉಂಟು. ಹಾಗೆ ಕೇಳುತ್ತ ಕೇಳುತ್ತ ಆ ಹುಡುಗಿಯ ಮೇಲೆ ಅವಳಿಗೆ ಪ್ರೀತಿ ಹುಟ್ಟಿಬಿಟ್ಟಿತ್ತು.

ಈಗ ಆ ಆಟಕ್ಕೇ ಕರೆ ಬಂದಿತ್ತು. ನಾಲ್ಕನೆಯವಳು ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಳಂತೆ. ಆಟದ ರೀತಿಯನ್ನು ಹುಡುಗಿ ಚುಟುಕಾಗಿ ಹೇಳಿದಳು. ಒಬ್ಬರು ಕಥೆ ನಡೆಸುತ್ತಾರೆ, ಇಲ್ಲಿ ಅದು ತಾನು. ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ಹೊಕ್ಕು, ಏನು ಮಾಡುತ್ತೇವೆಂದು ಬಾಯಲ್ಲೇ ಹೇಳುತ್ತಾರೆ, ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಇಷ್ಟು ಹೇಳಿ ಗೆರೆ ಎಳೆದ ಒಂದು ಖಾಲಿ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಒಂದು ಗ್ನೋಮ್ ಬೇಕು, ಸ್ಪೆಲ್ ಹಾಕೋ ಅಂಥದ್ದು. ನೀವೇ ಮಾಡ್ಕೊಂಡು ಬನ್ನಿ. ಈ ಶನಿವಾರ ಕಥೆ ಮುಗಿಸ್ಬೇಕು."

ಮುಗಿಸಬೇಕು ಎಂಬ ಮಾತು ತಿದ್ದಮ್ಮನ ಎದೆಗೆ ಚುಚ್ಚಿತು. ಮುಂದಿನ ಶನಿವಾರ ಇಲ್ಲಿರುವವರು ಈ ಶನಿವಾರವೇ ಯಾಕೆ ಮುಗಿಸಬೇಕು? ಕೇಳುವ ಧೈರ್ಯ ಬರಲಿಲ್ಲ. ಹಾಳೆಯನ್ನು ಒದ್ದೆಯಾಗದ ಹಾಗೆ ಬ್ರೆಡ್ಡಿನ ಡಬ್ಬಿಯ ಮೇಲೆ ಎತ್ತಿಟ್ಟಳು.

ಅನಾಹುತ ಶುರುವಾದದ್ದು ಇಲ್ಲಿಂದ. ಮುದ್ರಣಾಲಯದಲ್ಲಿ ಸ್ಪೆಲ್ ಹಾಕುವುದು ಎಂದರೆ ಒಂದೇ ಅರ್ಥ. ಪುಟ ಜೋಡಿಸಿದ ಮೇಲೆ ಕಾಗುಣಿತದ ತಪ್ಪು ಹಿಡಿಯುವ ಒಂದು ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಓಡಿಸುತ್ತಾರೆ. ಸ್ಪೆಲ್ ಹಾಕಿ ಕಳಿಸ್ಲಾ ಅಕ್ಕ, ಹಾಕ್ದೇನೇ ಕಳಿಸ್ಲಾ ಅಕ್ಕ ಎಂದು ದಿನವಿಡೀ ಅವಳ ಕಿವಿಯ ಮೇಲೆ ಬೀಳುವ ಮಾತು ಅದು. ಹೀಗಿರುವಾಗ ಮಂತ್ರ, ಮಾಟ, ಮಾಯಾವಿ ಇವೆಲ್ಲ ಅವಳ ತಲೆಗೆ ಹೇಗೆ ಹೊಳೆಯಬೇಕು? ಕಾಗುಣಿತ ನೋಡುವ ಪಾತ್ರವಿರುವ ಆಟ ಎಂದೇ ತಿಳಿದಳು. ಈ ಕಾಲದ ಮಕ್ಕಳ ಬಗ್ಗೆ ಜನ ಏನೇನೋ ಅನ್ನುತ್ತಾರೆ, ಇವರು ನೋಡಿದರೆ ಶನಿವಾರ ಕೂತು ಕಾಗುಣಿತ ಆಡುತ್ತಾರಲ್ಲ ಎಂದು ಅವಳಿಗೆ ಹೆಮ್ಮೆಯೂ ಆಯಿತು.

ಗ್ನೋಮ್ ಅಂದರೇನೆಂದು ಮಾತ್ರ ಗೊತ್ತಿರಲಿಲ್ಲ. ಗಂಡನನ್ನು ಕೇಳಿದಳು. ತೋಟದಲ್ಲಿ ಗೊಂಬೆ ಇಟ್ಟಿರುತ್ತಾರಲ್ಲ, ಮೊಣಕಾಲುದ್ದ, ಕೆಂಪು ಟೊಪ್ಪಿ, ಬಿಳಿ ಗಡ್ಡ, ಆ ಕುಳ್ಳ ಎಂದು ಅವನು ಕೈಯಲ್ಲಿ ಎತ್ತರ ತೋರಿಸಿದ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತಾರಲ್ಲ, ಅಂಥವನು ಎಂದೂ ಸೇರಿಸಿದ. ಅಷ್ಟು ಸಾಕಾಯಿತು.

ವಾರವೆಲ್ಲ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಯಂತ್ರಗಳು ನಿಂತು ಮುದ್ರಣಾಲಯ ಉಸಿರು ಬಿಡುವ ಹೊತ್ತಿನಲ್ಲಿ, ತಿದ್ದಮ್ಮ ಕುಳ್ಳನನ್ನು ಕಟ್ಟಿದಳು. ಹಾಳೆಯಲ್ಲಿ ಬಲ, ಚುರುಕು, ತಾಳಿಕೆ, ಬುದ್ಧಿ ಎಂದೆಲ್ಲ ಚೌಕಗಳಿದ್ದವು, ಇಷ್ಟು ಅಂಕಗಳನ್ನು ಅವುಗಳಲ್ಲಿ ಹಂಚಬೇಕು. ಬಲಕ್ಕೆ ಅವಳು ಹಾಕಿದ್ದು ಕಾಟಾಚಾರಕ್ಕೆ, ಪೆನ್ನು ಎತ್ತುವಷ್ಟಿದ್ದರೆ ಬೇಕಾದಷ್ಟಾಯಿತು. ಬುದ್ಧಿಗೆ ಹದವಾಗಿ ಹಾಕಿದಳು, ಅತಿ ಬುದ್ಧಿವಂತರೇ ಅಚ್ಚಿನ ತಪ್ಪು ಬಿಡುವುದು. ಉಳಿದದ್ದನ್ನೆಲ್ಲ ತಾಳಿಕೆಗೆ ಸುರಿದಳು. ತಲೆಯ ಮೇಲೆ ಟೊಪ್ಪಿ ಬೇಡ, ತಲೆಕಟ್ಟು ಇರಲಿ ಎಂದು ಬರೆದುಕೊಂಡಳು. ಅಕ್ಷರದ ನೆತ್ತಿಯ ಮೇಲಿನ ಗೆರೆಗೂ ಅದೇ ಹೆಸರಲ್ಲವೇ? ತನ್ನ ಜೋಕಿಗೆ ತಾನೇ ನಕ್ಕದ್ದನ್ನು ಕಂಡು ಪಕ್ಕದ ಮೇಜಿನ ಲೆಕ್ಕಿಗ ಏನಾಯಿತೆಂದು ಕೇಳಿದ. ಏನಿಲ್ಲ ಎಂದಳು.

ಹೆಸರಿಗೆ ಮಾತ್ರ ಒದ್ದಾಡಿದಳು. ಕೊನೆಗೆ ಅರ್ಕಾವೊತ್ತು ಎಂದಿಟ್ಟಳು. ಅಕ್ಷರಗಳ ಪೈಕಿ ಅವಳಿಗೆ ಅದರ ಮೇಲೊಂದು ಮಮತೆ. ಉಚ್ಚಾರದಲ್ಲಿ ಮೊದಲು ಬರುತ್ತದೆ, ಬರೆಯುವಾಗ ಮಾತ್ರ ಎಲ್ಲರೂ ಕೂತಾದ ಮೇಲೆ ಕೊನೆಗೆ ಬಂದು ಬದಿಯಲ್ಲಿ ಜಾಗ ಹುಡುಕಿಕೊಳ್ಳುತ್ತದೆ. ಮೊಣಕಾಲುದ್ದದವನಿಗೆ ಒಪ್ಪುವ ಹೆಸರು ಅನಿಸಿತು.

ಶನಿವಾರ ಮುದ್ರಣಾಲಯದಲ್ಲಿ ತಲೆನೋವೆಂದು ಸುಳ್ಳು ಹೇಳಿ ಬೇಗ ಹೊರಟು ಬಂದಳು. ಹುಡುಗಿಯ ಕೋಣೆಯಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದ ಗುಹೆಯ ನಕ್ಷೆ ಹರಡಿತ್ತು, ಪಾತ್ರಗಳ ಬದಲು ಕೋಟಿನ ಗುಂಡಿಗಳನ್ನು ಇಟ್ಟಿದ್ದರು. ಆಟಕ್ಕೆ ಬಂದಿದ್ದವರು ಇಬ್ಬರು. ಕೊಡಲಿ ಹಿಡಿದ ಯೋಧನ ಪಾತ್ರ ಗುಂಗುರುವಿನದು, ತಲೆತುಂಬ ಗುಂಗುರು ಕೂದಲಿದ್ದದ್ದರಿಂದ ಆ ಹೆಸರು. ಸದಾ ನೆಗಡಿ ಹತ್ತಿದ್ದ ಹುಡುಗನನ್ನು ಎಲ್ಲರೂ ಸೀನಪ್ಪ ಅನ್ನುತ್ತಿದ್ದರು. ಅವನು ಆಡುತ್ತಿದ್ದದ್ದು ಸದ್ದಿಲ್ಲದೆ ನುಗ್ಗುವ ಕಳ್ಳನ ಪಾತ್ರ.

ಹುಡುಗಿ ಹಾಳೆಯನ್ನು ಇಸಿದುಕೊಂಡು ಗಟ್ಟಿಯಾಗಿ ಓದಿದಳು. ಅರ್ಕಾವೊತ್ತು ಎಂಬ ಹೆಸರಿಗೆ ಇಬ್ಬರೂ ಭೇಷ್ ಎಂದರು, ಯಾವುದೋ ದೂರದ ಪರ್ವತದ ಹೆಸರಿನ ಹಾಗಿದೆಯಂತೆ. ಆಯುಧ ಕೆಂಪು ಪೆನ್ನು ಎಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ವಿದ್ಯೆ: ಕಾಗುಣಿತ. ಯಾವ ಪದದಲ್ಲಾದರೂ ಒಂದು ಗುಣಿತ ತಿದ್ದಬಲ್ಲ' ಎಂಬಲ್ಲಿಗೆ ಬಂದಾಗ ಗುಂಗುರು ಬಾಯಿಗೆ ಕೈ ಅಡ್ಡ ಹಿಡಿದಳು. ಸೀನಪ್ಪ ಪಾಪ, ಒಳ್ಳೆಯ ಹುಡುಗ, ಸ್ಪೆಲ್ ಅಂದರೆ ಇಲ್ಲಿ ಮಂತ್ರ ಆಂಟಿ, ಬೆಂಕಿ ಉಗುಳಿಸೋದು, ಮಾಯವಾಗೋದು ಅಂಥದ್ದು ಎಂದು ಮೆತ್ತಗೆ ತಿಳಿಸಿದ.

ತಿದ್ದಮ್ಮನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನಿಸಿತು. ಮೂವತ್ತು ವರ್ಷ ಬೇರೆಯವರ ತಪ್ಪು ಹಿಡಿದವಳು, ತನ್ನನ್ನು ಮೊದಲ ಸಲ ಕರೆದ ಮನೆಯಲ್ಲಿ ಒಂದೇ ಪದವನ್ನು ತಪ್ಪಾಗಿ ಓದಿ ಬಂದಿದ್ದಳು. ಮನೆಯೇನು, ಅವಳದೇ ಮನೆ. ಅದೇ ಇನ್ನೂ ನಾಚಿಕೆಗೇಡು. ಬೇರೆ ಮಾಡಿಕೊಂಡು ಬರುತ್ತೇನೆ, ನೀವು ಆಡುತ್ತಿರಿ ಎನ್ನುತ್ತ ಎದ್ದಳು. ಹುಡುಗಿ ಹಾಳೆಯಿಂದ ಕಣ್ಣೆತ್ತದೆ ಕೂರಿ ಎಂದಳು.

"ಮಂತ್ರಕ್ಕೆ ಮಾವಿನಕಾಯಿ ಉದುರಲ್ಲ ಅಂತಾರಲ್ಲ. ಕಾಗುಣಿತಕ್ಕೆ ಉದುರತ್ತೇನೋ ನೋಡೋಣ."

ಅಬ್ಬಾ, ಹೋದ ಜೀವ ಬಂದ ಹಾಗಾಯಿತು. ಹುಡುಗಿ ನಗುತ್ತಿರಲಿಲ್ಲ, ಆದರೆ ಅವಳ ತುಟಿಯ ಒಂದು ಕೊನೆ ಮೇಲಕ್ಕೆ ಎದ್ದಿತ್ತು. ತಿದ್ದಮ್ಮ ಕೂತಳು. ಹುಡುಗಿ ಅಲ್ಲೇ ನಿಯಮ ಮಾಡಿದಳು, ಅದರಲ್ಲಿ ದಾಕ್ಷಿಣ್ಯ ತೋರಿಸಲಿಲ್ಲ. ಒಂದು ಸಲಕ್ಕೆ ಒಂದೇ ಗುಣಿತ. ತಿದ್ದಿದ ಮೇಲೂ ಅದು ನಿಘಂಟಿನಲ್ಲಿರುವ ಪದವೇ ಆಗಿರಬೇಕು. ಆ ಅಕ್ಷರದ ಕಾಗುಣಿತವನ್ನು ಮೊದಲಿನಿಂದ ಬಾಯಲ್ಲಿ ಹೇಳಬೇಕು, ಆಮೇಲೆ ದಾಳ ಒಪ್ಪಬೇಕು. ಇನ್ನು ಗಾಳಿಯಲ್ಲಿ ತಿದ್ದಲಾಗುವುದಿಲ್ಲವಾದ್ದರಿಂದ, ಎದುರು ಬಂದದ್ದರ ಹೆಸರನ್ನು ತಾನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ನಿಲ್ಲಿಸುತ್ತೇನೆ ಎಂದಳು.

ಗುಹೆಯ ಬಾಯಲ್ಲೇ ಎದುರಾದದ್ದು ಕರಡಿ. ಹುಡುಗಿ ಎದ್ದು ನಿಂತು ಎರಡು ಕೈಗಳನ್ನೂ ಮೇಲೆತ್ತಿ ಗುರುಗುಟ್ಟಿದಳು. ಬಾಗಿಲ ಆಚೆಯಿಂದ ಕೇಳಿದ್ದ ದನಿಯನ್ನು ಹೀಗೆ ಎದುರಿಗೆ ನೋಡಿ ತಿದ್ದಮ್ಮನಿಗೆ ರೋಮಾಂಚನವಾಯಿತು. ಗುಂಗುರು ಕೊಡಲಿ ಎತ್ತಿದಳು. ತಿದ್ದಮ್ಮ ಸಣ್ಣ ದನಿಯಲ್ಲಿ ಡ ತಲೆಕಟ್ಟು ಡ, ಡ ಇಳಿ ಡಾ, ಡ ಗುಡಿಸು ಡಿ ಎಂದು ಶುರುಮಾಡಿದಳು. ಕರಡಿ ಇನ್ನೇನು ಮೈಮೇಲೆ ಬೀಳುವುದರಲ್ಲಿತ್ತು. ಇದು ಮಂತ್ರಕ್ಕಿಂತ ಉಗುಳೇ ಜಾಸ್ತಿ ಆಯಿತಲ್ಲ ಆಂಟಿ ಎಂದು ಗುಂಗುರು ಅವಸರಪಡಿಸಿದಳು. ಡ ಕೊಂಬು ಡು ಎನ್ನುವಷ್ಟರಲ್ಲಿ ಇಪ್ಪತ್ತು ಮುಖದ ದಾಳ ಉರುಳಿ ಹದಿನೇಳು ಬಿತ್ತು. ತಿದ್ದಮ್ಮ ಚೀಟಿಯಲ್ಲಿ ಗುಡಿಸು ಹೊಡೆದು ಕೊಂಬು ಹಾಕಿದಳು.

ಕರಡಿ ಹೋಗಿ ಕರಡು ಆಯಿತು. ಗುರುಗುಟ್ಟುತ್ತಿದ್ದ ಹುಡುಗಿ ಅರ್ಧಕ್ಕೇ ನಿಂತು, ಎತ್ತಿದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ, ಕೊನೆಗೆ ಗಾಳಿಗೆ ಹಾರಿದ ಕಾಗದದ ಹಾಗೆ ಓಲಾಡುತ್ತ ಕುರ್ಚಿಗೆ ಬಂದು ಬಿದ್ದಳು. ಕರಡು ಅಂದರೇನೆಂದು ಸೀನಪ್ಪ ಕೇಳಿದ. ತಿದ್ದಮ್ಮ ವಿವರಿ‌ಸಿ, ತುಂಬ ತಪ್ಪುಗಳಿರುವ ಕರಡು, ಕರಡಿಗಿಂತ ಅಪಾಯ ಎಂದಳು. ನಾಲ್ವರೂ ಒಟ್ಟಿಗೆ ನಕ್ಕರು. ಆ ನಗುವಿನೊಳಗೆ ತನ್ನ ದನಿಯೂ ಇದ್ದದ್ದನ್ನು ತಿದ್ದಮ್ಮ ಸ್ವಲ್ಪ ತಡವಾಗಿ ಗಮನಿಸಿದಳು.

ಅಲ್ಲಿಂದ ಮುಂದೆ ಆಟಕ್ಕೆ ರೆಕ್ಕೆ ಬಂತು. ಹಾದಿಗಡ್ಡ ಮಲಗಿದ್ದ ಹಾವು ಹೂವಾಯಿತು. ಕಾವಲುಗಾರನ ಕತ್ತಿ ಕತ್ತೆಯಾಯಿತು, ಆದರೆ ದಾಳ ಅರೆಮನಸ್ಸಿನಿಂದ ಬಿದ್ದಿದ್ದರಿಂದ ಆ ಕತ್ತೆ ಕಾವಲುಗಾರನನ್ನು ಬಿಟ್ಟು ಸೀನಪ್ಪನನ್ನೇ ಒದೆಯಿತು. ಅವನು ಸೀನಿದ, ಕಾವಲುಗಾರರೆಲ್ಲ ಎಚ್ಚೆತ್ತರು. ಓಡಿ ಹೋಗಿ ಒಂದು ಕಬ್ಬಿಣದ ಬಾಗಿಲ ಮುಂದೆ ನಿಂತರೆ ಅಲ್ಲಿ ಬೀಗ. ತಿದ್ದಮ್ಮ ಅದನ್ನು ಬೇಗ ಮಾಡಿದಳು. ಬೇಗ ಎನ್ನುವುದು ಒಂದು ವಸ್ತುವಲ್ಲ, ನಡೆಯುವುದಿಲ್ಲ ಎಂದು ಗುಂಗುರು ಜಗಳ ತೆಗೆದಳು. ಹುಡುಗಿ ಕೆನ್ನೆಗೆ ಕೈಕೊಟ್ಟು ಯೋಚಿಸಿ ತೀರ್ಪು ಕೊಟ್ಟಳು: ಬಾಗಿಲು ತೆರೆದದ್ದಷ್ಟೇ ಅಲ್ಲ, ಮೂವರೂ ಎಷ್ಟು ಬೇಗ ಒಳನುಗ್ಗಿದರೆಂದರೆ, ನಡುವಿನ ಕೋಣೆಗಳನ್ನೆಲ್ಲ ದಾಟಿ ಗುಹೆಯ ತೀರಾ ಒಳಗೆ ಬಂದುಬಿಟ್ಟಿದ್ದಾರೆ.

ಅಲ್ಲಿ ಅದು ಇತ್ತು. ಅದು ಎಂದಷ್ಟೇ ಹುಡುಗಿ ಹೇಳಿದಳು. ಅವಳ ದನಿ ತಗ್ಗಿತ್ತು, ಈಗ ಯಾರ ದನಿಯನ್ನೂ ಅನುಕರಿಸುತ್ತಿರಲಿಲ್ಲ. ಅದಕ್ಕೆ ಮೈಯಿಲ್ಲ, ಹಲ್ಲಿಲ್ಲ. ಅದು ಯಾರನ್ನೂ ಅಟ್ಟಿಸಿಕೊಂಡು ಬರುವುದಿಲ್ಲ, ಸುಮ್ಮನೆ ಕೂತಿರುತ್ತದೆ. ಹತ್ತಿರ ಹೋದವರು ಅದರ ಪಕ್ಕ ಕೂತುಬಿಡುತ್ತಾರೆ, ಆಮೇಲೆ ಏಳುವುದಿಲ್ಲ. ಗುಂಗುರು ಕೊಡಲಿ ಬೀಸಿದಳು, ಕೊಡಲಿ ಹೊಗೆಯಲ್ಲಿ ಬೀಸಿದಂತೆ ಹಾದುಹೋಯಿತು. ಸೀನಪ್ಪ ಕಣ್ಣುತಪ್ಪಿಸಿ ದಾಟಲು ಹೋಗಿ, ದಾಳ ಕೈಕೊಟ್ಟು, ಅದರ ಪಕ್ಕ ಕೂತುಬಿಟ್ಟ. ಇನ್ನು ನಿಮ್ಮ ಕುಳ್ಳನೇ ಗತಿ ಆಂಟಿ ಎಂದಳು ಗುಂಗುರು.

ಬರೆಯದ್ದನ್ನು ತಿದ್ದುವುದು ಹೇಗೆ, ಅದರ ಹೆಸರು ಬರಿ ಎಂದು ತಿದ್ದಮ್ಮ ಕೇಳಿದಳು. ಆಟದ ಭರದಲ್ಲಿ ಕೇಳಿದ ಮಾತು, ಅದರೊಳಗೆ ಏನೂ ಇರಲಿಲ್ಲ. ಆದರೆ ಹುಡುಗಿ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಇಷ್ಟು ತಿಂಗಳು ಆ ಗುಹೆಯಲ್ಲಿ ಕೂರಿಸಿಕೊಂಡು ಬಂದಿದ್ದರೂ ಅದಕ್ಕೊಂದು ಹೆಸರಿಟ್ಟಿರಲಿಲ್ಲವೆಂದು ಕಾಣುತ್ತದೆ. ಕೊನೆಗೆ ಚೀಟಿಯಲ್ಲಿ ಬರೆದು, ಮೇಜಿನ ನಡುವೆ ನಿಲ್ಲಿಸಿದಳು.

ನೋವು.

ಗುಂಗುರು ತನ್ನ ಗುಂಡಿಯನ್ನು ನೋಡುತ್ತ ಕೂತಳು, ಸೀನಪ್ಪ ಸೀನನ್ನು ತಡೆಹಿಡಿದ. ಅವರಿಬ್ಬರಿಗೂ ಹುಡುಗಿಯ ತಾಯಿಯ ನೆನಪಿತ್ತು. ತಿದ್ದಮ್ಮ ಮಾತ್ರ ಆಕೆಯನ್ನು ಗೋಡೆಯ ಮೇಲಿನ ಫೋಟೋದಲ್ಲಷ್ಟೇ ನೋಡಿದ್ದಳು.

ಮೂವತ್ತು ವರ್ಷದ ಅಭ್ಯಾಸ, ಕಣ್ಣು ಬಿದ್ದ ಕೂಡಲೇ ತಿದ್ದುವ ದಾರಿಗಳೆಲ್ಲ ಕಂಡುಬಿಟ್ಟವು. ಗುಡಿಸಿನ ದೀರ್ಘ ಹಾಕಿದರೆ ನೋವು ನೀವು ಆಗುತ್ತದೆ. ಇನ್ನೊಂದು ಹಾಕಿದರೆ ನಾವು. ಇಳಿ ಒಂದನ್ನು ಹಾಕಿದರೆ ಮುಗಿಯಿತು, ಆಟ ಗೆದ್ದಂತೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಸಂಜೆಯೊಳಗೆ ಹುಡುಗಿಯ ಮನಸ್ಸಿಗೂ ನಾಟಬಹುದು. ಕೈ ಪೆನ್ನಿನ ಕಡೆ ಹೋಗಿಯೂ ಹೋಯಿತು.

ಆದರೆ ಆ ಕೆಲಸದಲ್ಲಿ ಒಂದು ಕಟ್ಟುಪಾಡಿದೆ, ಅದನ್ನು ಅವಳು ಹೊಸಬರಿಗೆಲ್ಲ ಮೊದಲ ದಿನವೇ ಹೇಳಿಕೊಡುತ್ತಿದ್ದಳು. ತಪ್ಪನ್ನು ತಿದ್ದಬೇಕು, ಬರೆದವರು ಬೇಕೆಂದೇ ಬರೆದದ್ದನ್ನು ತಿದ್ದಬಾರದು. ಬೇರೆ ಪದ ಚೆನ್ನಾಗಿರುತ್ತದೆ ಅನಿಸಿದರೆ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆದವರಿಗೇ ಕಳಿಸಬೇಕು, ಅವರು ಹ್ಞೂಂ ಅಂದರೆ ಮಾತ್ರ ಕೈಹಾಕಬೇಕು. ತಿದ್ದಮ್ಮ ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅದರ ಅಂಚಿನಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಹುಡುಗಿಯ ಕಡೆಗೆ ಸರಿಸಿದಳು.

"ಇದರಲ್ಲಿ ತಪ್ಪಿಲ್ಲ. ಸರಿಯಾಗೇ ಬರ್ದಿದೀಯ. ಇಳಿ ಹಾಕಿದ್ರೆ ಇನ್ನೊಂದು ಪದ ಆಗತ್ತೆ, ನಿಜ. ಆದ್ರೆ ಹಾಕೋದು ಬಿಡೋದು ಬರೆದವರಿಗೆ ಬಿಟ್ಟಿದ್ದು."

ಇದೇನು ಆಂಟಿ, ಮಂತ್ರ ಹಾಕಿ ಅಂದರೆ ಪ್ರಶ್ನೆ ಕೇಳ್ತೀರಲ್ಲ ಎಂದು ಗುಂಗುರು ಗೋಗರೆದಳು. ಹುಡುಗಿ ಅವಳ ಕಡೆ ನೋಡಲಿಲ್ಲ. ಚೀಟಿಯನ್ನೇ ನೋಡುತ್ತ, ಗುಡಿಸಿನ ದೀರ್ಘ ಹಾಕಿದರೂ ಪದ ಆಗುತ್ತದಲ್ಲವೇ ಎಂದು ಕೇಳಿದಳು. ಆಗುತ್ತದೆ ಎಂದಳು ತಿದ್ದಮ್ಮ. ಕಾಗುಣಿತದಲ್ಲಿ ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಆಗಲೇ ಕರೆಗಂಟೆಯ ಸದ್ದಾಯಿತು. ನಿಲ್ದಾಣಕ್ಕೆ ಹೋಗಿದ್ದ ಗಂಡ ದೊಡ್ಡಮ್ಮನನ್ನು ಕರೆದುಕೊಂಡು ಬಂದಿದ್ದ, ರೈಲು ಅಪರೂಪಕ್ಕೆ ಹೊತ್ತಿಗೆ ಮುಂಚೆ ಬಂದಿತ್ತಂತೆ. ದೊಡ್ಡಮ್ಮ ಚಪ್ಪಲಿ ಬಿಟ್ಟು ನೇರ ಹುಡುಗಿಯ ಕೋಣೆಗೇ ಬಂದಳು. ಕೈಯಲ್ಲೊಂದು ಚೀಲ, ಮುಖದಲ್ಲಿ ಪ್ರಯಾಣದ ದಣಿವು. ಮೂಗು ಥೇಟ್ ಗೋಡೆಯ ಫೋಟೋದಲ್ಲಿದ್ದ ಮೂಗೇ. ಎಲ್ಲರನ್ನೂ ಮಾತಾಡಿಸಿದಳು, ಹುಡುಗಿಯ ತಲೆ ಸವರಿದಳು. ಆಮೇಲೆ ಬಂದ ಕೆಲಸಕ್ಕೇ ಕೈಹಾಕಿದಳು.

"ಏನಮ್ಮಾ, ಏನು ಯೋಚನೆ ಮಾಡ್ದೆ?"

ಬಾಗಿಲಲ್ಲಿ ನಿಂತ ಗಂಡ ಚಾವಣಿ ನೋಡಿದ. ಹುಡುಗಿ ಮೇಜಿನ ಮೇಲಿದ್ದ ಕೆಂಪು ಪೆನ್ನನ್ನು ಎತ್ತಿ ತಿದ್ದಮ್ಮನ ಕಡೆ ಚಾಚಿದಳು.

"ಹಾಕಿ."

"ಯಾವುದು?"

"ಇಳಿ."

ಸಾವಿರಾರು ಪುಟ ತಿದ್ದಿದವಳು ನೋ ಎಂಬ ಅಕ್ಷರಕ್ಕೆ ಅಡ್ಡ ಹೊಡೆದು, ಪಕ್ಕದಲ್ಲಿ ನಾ ಎಂದು ಬರೆದಳು, ಅದೂ ಸೊಟ್ಟಗೆ. ಸೀನಪ್ಪ ಇಷ್ಟು ಹೊತ್ತು ತಡೆದಿದ್ದ ಸೀನನ್ನು ಬಿಟ್ಟ, ಕೂತವನು ಎದ್ದೆ ಎಂದು ತನ್ನ ಗುಂಡಿಯನ್ನು ಮುಂದಕ್ಕೆ ಸರಿಸಿದ. ದೊಡ್ಡಮ್ಮ ಕನ್ನಡಕ ಏರಿಸಿ ಚೀಟಿಯ ಮೇಲೆ ಬಗ್ಗಿದಳು, ಏನಿದು ಎಂದು ಕೇಳಿದಳು. ನಾವು, ಅಂದಳು ಗುಂಗುರು.

"ನಾನು ಇಲ್ಲೇ ಇರ್ತೀನಿ ದೊಡ್ಡಮ್ಮ," ಎಂದಳು ಹುಡುಗಿ. "ರಜೆಗೆ ನಿಮ್ಮ ಮನೆಗೆ ಬರ್ತೀನಿ."

ದೊಡ್ಡಮ್ಮ ಮಂಚದ ಅಂಚಿನಲ್ಲಿ ಕೂತಳು. ಬೇಸರವಾಯಿತೇನೋ ಎಂದು ತಿದ್ದಮ್ಮ ಹೆದರಿದಳು. ಆದರೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ತನಗೂ ಈಗ ನಿರಾಳ ಎಂದಳು. ಈ ಮಗು ಇಲ್ಲಿ ನಗುತ್ತದೋ ಇಲ್ಲವೋ ಎಂಬ ಒಂದೇ ಚಿಂತೆಯಂತೆ ಅವಳಿಗೆ, ಕೇಳಿದರೆ ಹುಡುಗಿ ಚೆನ್ನಾಗಿದ್ದೀನಿ ಅನ್ನುವುದು ಬಿಟ್ಟು ಬೇರೆ ಹೇಳುವುದಿಲ್ಲ. ಅದಕ್ಕೇ ಕರೆದದ್ದು, ಕಿತ್ತುಕೊಂಡು ಹೋಗಬೇಕೆಂದಲ್ಲ. ಗಂಡ ಆಗ ಚಾವಣಿಯಿಂದ ಕಣ್ಣಿಳಿಸಿ, ತನಗೆ ಮೊದಲಿಂದಲೂ ಇದೇ ಸರಿ ಅನಿಸಿತ್ತು ಎಂದ. ಯಾರೂ ಅವನನ್ನು ತಿದ್ದಲಿಲ್ಲ.

ಚಹಾ ಮಾಡುತ್ತೇನೆಂದು ತಿದ್ದಮ್ಮ ಅಡುಗೆಮನೆಗೆ ಬಂದಳು. ಎದೆಯ ಮೇಲಿಂದ ಚಪ್ಪಡಿ ಎತ್ತಿದ ಹಾಗಿತ್ತು. ಒಲೆ ಹಚ್ಚಿ, ನೀರಿಟ್ಟು, ಕಟ್ಟೆಗೆ ಒರಗಿ ಅತ್ತಳು. ಸಂತೋಷಕ್ಕೆ ಅಳುವುದು ಎಂದು ಪುಸ್ತಕಗಳಲ್ಲಿ ಬಂದಾಗೆಲ್ಲ ಅತಿಯಾಯಿತು ಅಂದುಕೊಳ್ಳುತ್ತಿದ್ದವಳು. ಹೆಜ್ಜೆ ಸದ್ದು ಕೇಳಿ ಗಡಿಬಿಡಿಯಿಂದ ಕಣ್ಣೊರೆಸಿಕೊಂಡಳು.

ಹುಡುಗಿ ಬಂದು ಪಕ್ಕದಲ್ಲಿ ನಿಂತು ಲೋಟಗಳನ್ನು ಒಂದೊಂದಾಗಿ ಒರೆಸಿ ಸಾಲಾಗಿ ಇಟ್ಟಳು. ಕೊನೆಯ ಲೋಟವನ್ನೇ ನೋಡುತ್ತ ಹೇಳಿದಳು.

"ನೀವು ಅದನ್ನ ನನ್ನ ಕೇಳದೇನೇ ತಿದ್ದಿಬಿಡ್ತೀರೇನೋ ಅಂತ ಭಯ ಆಗಿತ್ತು ನನಗೆ."

"ತಿದ್ದಿದ್ರೆ?"

"ಹೋಗಿಬಿಡ್ತಿದ್ದೆ," ಎಂದಳು ಹುಡುಗಿ. ಚಹಾಪುಡಿಯ ಡಬ್ಬಿಯನ್ನು ತೆಗೆದು ಅವಳ ಕೈಗೆ ಕೊಟ್ಟಳು.